ಒಂದೇ ಲ್ಯಾಪ್‌ಟಾಪ್, ಎರಡು ಕೀಲಿ: ಸ್ಟಾಪ್ ರ‍್ಯಾನ್ಸಮ್‌ವೇರ್‌ನ ಒಂದು ಪ್ರಕರಣ

ದೊಡ್ಡಮ್ಮನ ಮಗಳು ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. "ಫೋಟೋ ಒಂದೂ ಓಪನ್ ಆಗ್ತಾ ಇಲ್ಲ ಕಣೋ, ಎಲ್ಲಾ ಬಿಳಿ ಹಾಳೆ ಥರ ಐಕಾನ್ ಬಂದಿದೆ" ಅಂದಳು. ಅವಳು ಫೋಟೋ, ವಿಡಿಯೋ ತೆಗೆದು ಎಡಿಟ್ ಮಾಡಿಕೊಡುವವಳು. ಆ ಲ್ಯಾಪ್‌ಟಾಪ್ ಅವಳ ಹೊಟ್ಟೆಪಾಡು.

"ಒಂದು ಫೈಲ್ ಹೆಸರು ಪೂರ್ತಿ ಓದು ಅಕ್ಕ" ಅಂದೆ. ಓದಿದಳು. ಹೆಸರು ಸರಿಯಾಗಿಯೇ ಇತ್ತು, ಚುಕ್ಕಿ, ಜೆಪಿಜಿ, ಆಮೇಲೆ ಇನ್ನೊಂದು ಚುಕ್ಕಿ, ಅದರ ಹಿಂದೆಯೇ ಅರ್ಥವಿಲ್ಲದ ನಾಲ್ಕು ಅಕ್ಷರ.

"ಅದೇ ಫೋಲ್ಡರ್‌ನಲ್ಲಿ ರೀಡ್‌ಮಿ ಅಂತ ಟೆಕ್ಸ್ಟ್ ಫೈಲ್ ಇದೆಯಾ ನೋಡು. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇರುತ್ತೆ."

"ಇದೆ. ಎಲ್ಲಾ ಫೋಲ್ಡರ್‌ನಲ್ಲೂ ಇದೆ."

ಇಷ್ಟು ಸಾಕಿತ್ತು. ಇದು ಸ್ಟಾಪ್. ಕೆಲವರು ಸ್ಟಾಪ್ ಡೇಜಾವು ಅಂತಾರೆ. 2017ರ ಕೊನೆಗೆ ಮೊದಲ ಸಲ ಕಾಣಿಸಿಕೊಂಡ ರ‍್ಯಾನ್ಸಮ್‌ವೇರ್ ಇದು, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ತೆಗೆಯುವುದಕ್ಕೆ ದುಡ್ಡು ಕೇಳುವ ವೈರಸ್. 2018ರ ಕೊನೆಯ ಹೊತ್ತಿಗೆ ಫೈಲ್ ಹೆಸರಿಗೆ 'ಡಿಜೆವಿಯು' ಅಂತ ಬಾಲ ಅಂಟಿಸುವ ಹೊಸ ರೂಪ ಬಂತು, ಆ ಹೆಸರೇ ಉಳಿದುಕೊಂಡಿತು. ಆಮೇಲೆ ಬಾಲ ಬದಲಾಗುತ್ತಲೇ ಹೋಯಿತು. ಹೊಸ ರೂಪ ಬಂದಾಗಲೆಲ್ಲ ಹೊಸ ಬಾಲ, ಹೆಚ್ಚಾಗಿ ನಾಲ್ಕಕ್ಷರದ್ದು. ಹಾಗಾಗಿ ಬಾಲದ ಹೆಸರನ್ನು ನೆಟ್‌ನಲ್ಲಿ ಹುಡುಕಿದವರಿಗೆ ಇದು ಯಾವುದೋ ಹೊಸ ವೈರಸ್ ಅನ್ನಿಸುತ್ತದೆ, ಆದರೆ ಒಳಗಿರುವುದು ಅದೇ ಹಳೆಯದು.

ಇದು 2020ರ ಮಾತು. ದೊಡ್ಡ ಕಂಪನಿ, ಆಸ್ಪತ್ರೆಗಳಿಗೆ ನುಗ್ಗುವ ರ‍್ಯಾನ್ಸಮ್‌ವೇರ್ ಸುದ್ದಿಯಾಗುತ್ತದೆ, ಇದು ಆಗುವುದಿಲ್ಲ. ಇದರ ಕಣ್ಣು ಮನೆಯ ಕಂಪ್ಯೂಟರ್ ಮೇಲೆ, ವಿದ್ಯಾರ್ಥಿಗಳ ಮೇಲೆ, ಒಬ್ಬರೇ ಕೂತು ದುಡಿಯುವವರ ಮೇಲೆ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಅನ್ನುವ ಆಂಟಿವೈರಸ್ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ, ಖಚಿತವಾಗಿ ಗೊತ್ತಾದವರೇ 1,16,000 ಜನ, ಅಂದಾಜು 4,60,000. ಇಷ್ಟೊಂದು ಜನ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಕೂತು ಅತ್ತಿದ್ದಾರೆ. ಇದನ್ನು ವಿವರವಾಗಿ ಬರೆಯೋಣ ಅನ್ನಿಸಿದ್ದಕ್ಕೆ ಅದೇ ಕಾರಣ.

ಫೋನಿನಲ್ಲಿ ನಾನು ಮೂರು ಮಾತು ಹೇಳಿದೆ. ವೈಫೈ ಆಫ್ ಮಾಡು. ಏನನ್ನೂ ಡಿಲೀಟ್ ಮಾಡಬೇಡ. ನಾಳೆ ಮಧ್ಯಾಹ್ನದೊಳಗೆ ಬರ್ತೀನಿ. ನಾಲ್ಕನೆಯದೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದರ ಬೆಲೆ ಏನು ಅಂತ ಮುಂದೆ ಬರುತ್ತದೆ.

ಒಳಗೆ ಬಂದಿದ್ದು ಹೇಗೆ

ಸಂಜೆ ಅವಳಿಗೆ ಒಂದು ಎಡಿಟಿಂಗ್ ಸಾಫ್ಟ್‌ವೇರ್ ಬೇಕಾಗಿತ್ತು. ಕೆಲಸ ಮಾರನೆಯ ದಿನಕ್ಕೆ ಕೊಡಬೇಕು, ಟ್ರಯಲ್ ಮುಗಿದಿತ್ತು. ಹುಡುಕಿದಳು, 'ಫುಲ್ ವರ್ಷನ್, ಕ್ರ್ಯಾಕ್ ಸಮೇತ' ಅಂತ ಸಿಕ್ಕಿತು. ಕ್ರ್ಯಾಕ್ ಅಂದರೆ ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಕಳ್ಳದಾರಿ. ಜಿಪ್ ಫೈಲ್, ಅದಕ್ಕೊಂದು ಪಾಸ್‌ವರ್ಡ್. ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿತ್ತು. ಇದನ್ನು ಗಮನಿಸಿ: ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟರೆ ಪಾಸ್‌ವರ್ಡ್ ಯಾಕೆ ಬೇಕು? ಜಿಪ್ ಒಳಗಿರುವುದನ್ನು ಬ್ರೌಸರ್, ಆಂಟಿವೈರಸ್ ತೆರೆದು ನೋಡಬಾರದು, ಅದಕ್ಕೇ. ಜೊತೆಗೆ ಒಂದು ಸೂಚನೆಯೂ ಇತ್ತು. ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಕ್ರ್ಯಾಕ್ ಅನ್ನು ಸುಮ್ನೆ ವೈರಸ್ ಅಂದುಬಿಡುತ್ತದೆ ಅಂತ. ಆಫ್ ಮಾಡಿದಳು. ಅವಳನ್ನು ಬೈಯುವ ಮನಸ್ಸು ನನಗಿಲ್ಲ. ಕೆಲಸದ ಒತ್ತಡದಲ್ಲಿರುವವರನ್ನು ಹಿಡಿಯೋಕೆ ಅಂತಲೇ ಹೆಣೆದ ಬಲೆ ಇದು.

ಸ್ಟಾಪ್ ಹರಡುವ ಮುಖ್ಯ ದಾರಿಯೇ ಇದು: ಕ್ರ್ಯಾಕ್, ಕೀಜೆನ್ (ಕಳ್ಳ ಲೈಸೆನ್ಸ್ ನಂಬರ್ ಹುಟ್ಟಿಸುವ ಪ್ರೋಗ್ರಾಂ), ಪುಕ್ಕಟೆ ಆ್ಯಕ್ಟಿವೇಟರ್. 2017ರ ಮೇ ತಿಂಗಳ ವಾನಾಕ್ರೈ ಹಾಗೆ ಇದು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹಾರುವುದಿಲ್ಲ. ಯಾರಾದರೂ ಡಬಲ್ ಕ್ಲಿಕ್ ಮಾಡಬೇಕು.

ಕ್ಲಿಕ್ ಮಾಡಿದ ಮೇಲೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗ್ತಾ ಇದೆ ಅನ್ನುವ ಥರ ಒಂದು ಕಿಟಕಿ ಬಂತಂತೆ. ಅಪ್‌ಡೇಟ್ ಅಲ್ವಾ, ಆಗಲಿ ಅಂತ ಊಟಕ್ಕೆ ಎದ್ದು ಹೋದಳು. ಆ ಕಿಟಕಿ ಸುಳ್ಳು. ಸ್ಟಾಪ್‌ನ ಹಲವು ರೂಪಗಳು ಇದನ್ನು ತೋರಿಸುತ್ತವೆ. ಡಿಸ್ಕ್ ಜೋರಾಗಿ ಓಡುತ್ತಿರುತ್ತದೆ, ಫ್ಯಾನ್ ಸದ್ದು ಮಾಡುತ್ತದೆ, ಅದಕ್ಕೊಂದು ಕಾರಣ ಬೇಕಲ್ಲ.

ಒಳಗೆ ನಡೆದಿದ್ದು

ಮರುದಿನ ಲ್ಯಾಪ್‌ಟಾಪ್ ಬಿಚ್ಚಿ ನೋಡಿದಾಗ ಸಿಕ್ಕ ಗುರುತುಗಳನ್ನೂ, ಸ್ಟಾಪ್ ಬಗ್ಗೆ ಮೊದಲೇ ಗೊತ್ತಿದ್ದನ್ನೂ ಸೇರಿಸಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಅದು ತಾನು ಯಾವ ದೇಶದಲ್ಲಿದ್ದೇನೆ ಅಂತ ಒಂದು ಐಪಿ ವಿಳಾಸ ಹೇಳುವ ಸೈಟನ್ನು ಕೇಳುತ್ತದೆ. ರಷ್ಯಾ, ಬೆಲಾರೂಸ್, ಉಕ್ರೇನ್, ಕಜಕಿಸ್ತಾನ್ ಮುಂತಾದ ಕೆಲವು ದೇಶಗಳಾದರೆ ಏನೂ ಮಾಡದೆ ನಿಂತುಬಿಡುತ್ತದೆ. ಬೇರೆ ಕಡೆಯಾದರೆ ಕೆಲಸ ಶುರು.

ಆಮೇಲೆ ಬಳಕೆದಾರರ ಆ್ಯಪ್‌ಡೇಟಾ ಒಳಗಿನ ಲೋಕಲ್ ಫೋಲ್ಡರ್‌ನಲ್ಲಿ ಉದ್ದನೆಯ, ಅಕ್ಷರ ಅಂಕಿ ಗೀಟುಗಳ ಹೆಸರಿನ ಹೊಸ ಫೋಲ್ಡರ್ ಮಾಡಿ ತನ್ನದೊಂದು ಪ್ರತಿಯನ್ನು ಅಲ್ಲಿಡುತ್ತದೆ. ಆ ಫೋಲ್ಡರನ್ನು ಯಾರೂ ಡಿಲೀಟ್ ಮಾಡದ ಹಾಗೆ ಪರ್ಮಿಷನ್ ಬದಲಿಸುತ್ತದೆ. ರಿಜಿಸ್ಟ್ರಿಯ ರನ್ ಪಟ್ಟಿಯಲ್ಲಿ, ಅಂದರೆ ವಿಂಡೋಸ್ ಶುರುವಾದಾಗ ತಾನೇ ಏಳುವ ಪ್ರೋಗ್ರಾಂಗಳ ಪಟ್ಟಿಯಲ್ಲಿ, 'ಸಿಸ್‌ಹೆಲ್ಪರ್' ಅಂತ ಸೇರಿಕೊಳ್ಳುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಟೈಮ್ ಟ್ರಿಗರ್ ಟಾಸ್ಕ್' ಅನ್ನುವ ಹೆಸರಿನಲ್ಲಿ ಒಂದು ಕೆಲಸ ಹಾಕಿಕೊಳ್ಳುತ್ತದೆ. ಆ ಕೆಲಸ ಪ್ರತಿ 5 ನಿಮಿಷಕ್ಕೊಮ್ಮೆ ಎದ್ದು ಬರುತ್ತದೆ. ಈ 5 ನಿಮಿಷ ನೆನಪಿಟ್ಟುಕೊಳ್ಳಿ.

ಇದರ ನಂತರ ಕೀಲಿ. ಇದೇ ಇಡೀ ಪ್ರಕರಣದ ಹೃದಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒತ್ತಿದರೆ ತಾನೇ ಬೀಳುವ ಬೀಗ ನೋಡಿದ್ದೀರಲ್ವಾ? ಹಾಕುವುದಕ್ಕೆ ಕೀಲಿ ಬೇಡ, ತೆಗೆಯುವುದಕ್ಕೆ ಮಾತ್ರ ಬೇಕು. ಸ್ಟಾಪ್ ಬಳಸುವ ಆರ್‌ಎಸ್‌ಎ ವಿಧಾನ ಹಾಗೆಯೇ. ಪ್ರೋಗ್ರಾಂ ಎದ್ದ ಕೂಡಲೇ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡ್ ನಂಬರಿನಿಂದ ಒಂದು ಗುರುತು ಮಾಡಿ, ಅದನ್ನು ಕಳ್ಳರ ಸರ್ವರ್‌ಗೆ ಕಳಿಸಿ, ಒಂದು ಬೀಗ ಕೊಡು ಅನ್ನುತ್ತದೆ. ಸರ್ವರ್ ಉತ್ತರ ಕೊಟ್ಟರೆ ಆ ಕಂಪ್ಯೂಟರ್‌ಗೆ ಅಂತಲೇ ಮಾಡಿದ ಬೀಗ ಬರುತ್ತದೆ, ಕೀಲಿ ಅವರ ಹತ್ತಿರವೇ ಉಳಿಯುತ್ತದೆ. ಇದಕ್ಕೆ ಆನ್‌ಲೈನ್ ಕೀಲಿ ಅಂತಾರೆ. ಸರ್ವರ್ ಸತ್ತಿದ್ದರೆ, ಸಿಗದಿದ್ದರೆ, ಪ್ರೋಗ್ರಾಂ ತನ್ನ ಜೊತೆಗೇ ಹೊತ್ತು ತಂದ ಬೀಗವನ್ನು ಹಾಕುತ್ತದೆ. ಆ ಬೀಗ ಆ ರೂಪಕ್ಕೆ ಸಿಕ್ಕಿಬಿದ್ದ ಎಲ್ಲರಿಗೂ ಒಂದೇ. ಇದು ಆಫ್‌ಲೈನ್ ಕೀಲಿ.

ಎಷ್ಟು ವ್ಯತ್ಯಾಸ ನೋಡಿ. ಆನ್‌ಲೈನ್ ಆದರೆ ನಿಮ್ಮ ಕೀಲಿ ಲೋಕದಲ್ಲಿ ಒಂದೇ ಕಡೆ ಇದೆ, ಕಳ್ಳರ ಕೈಯಲ್ಲಿ. 2,048 ಬಿಟ್‌ನ ಆರ್‌ಎಸ್‌ಎ ಬೀಗವನ್ನು ಒಡೆಯುವ ಯಂತ್ರ ಯಾರ ಹತ್ತಿರವೂ ಇಲ್ಲ. ಆಫ್‌ಲೈನ್ ಆದರೆ, ಅದೇ ರೂಪಕ್ಕೆ ಸಿಕ್ಕವರಲ್ಲಿ ಯಾರೋ ಒಬ್ಬರು ದುಡ್ಡು ಕೊಟ್ಟು ಕೀಲಿ ತಂದು ಸಂಶೋಧಕರಿಗೆ ಕೊಟ್ಟರೆ, ಅದೇ ಕೀಲಿಯಲ್ಲಿ ನಿಮ್ಮ ಫೈಲೂ ತೆರೆಯುತ್ತದೆ.

ಬೀಗ ಸಿಕ್ಕ ಮೇಲೆ ಡ್ರೈವ್‌ಗಳನ್ನು ಒಂದೊಂದಾಗಿ ಹೊಕ್ಕುತ್ತದೆ. ವಿಂಡೋಸ್ ಫೋಲ್ಡರ್ ಮುಟ್ಟುವುದಿಲ್ಲ, ಕಂಪ್ಯೂಟರ್ ಓಡುತ್ತಿರಬೇಕು, ರೀಡ್‌ಮಿ ಫೈಲಿನಲ್ಲಿ ಬಿಟ್ಟಿರುವ ದುಡ್ಡು ಕೇಳುವ ಚೀಟಿಯನ್ನು ನೀವು ಓದಬೇಕು. ಪ್ರತಿ ಫೈಲಿನಲ್ಲೂ ಮೊದಲ 5 ಬೈಟ್ ಹಾಗೇ ಬಿಟ್ಟು, ಅಲ್ಲಿಂದ ಸುಮಾರು 150 ಕಿಲೋಬೈಟ್‌ನಷ್ಟನ್ನು ಮಾತ್ರ ಸಾಲ್ಸಾ20 ಅನ್ನುವ ವಿಧಾನದಲ್ಲಿ ಕಲಸಿಬಿಡುತ್ತದೆ. ಪೂರ್ತಿ ಫೈಲ್ ಅಲ್ಲ, ತಲೆ ಮಾತ್ರ. ಯಾಕೆ ಅಂದರೆ ವೇಗ. 4 ಜಿಬಿ ವಿಡಿಯೋ ಆದರೂ ತಲೆ ಕೆಡಿಸಿದರೆ ಸಾಕು, ತೆರೆಯುವುದಿಲ್ಲ. ಫೈಲಿನ ಕೊನೆಗೆ, ಹಾಗೆ ಕಲಸಿದ್ದನ್ನು ಬಿಡಿಸುವ ಕೀಲಿ (ಅದಕ್ಕೇ ಆರ್‌ಎಸ್‌ಎ ಬೀಗ ಹಾಕಿರುತ್ತದೆ), ಯಾವ ಬೀಗ ಅಂತ ಹೇಳುವ ನಿಮ್ಮ ಐಡಿ, ಮತ್ತು ಒಂದು ಗುರುತಿನ ಸಾಲು ಅಂಟಿಸುತ್ತದೆ. ಇದೆಲ್ಲ ಸೇರಿ ಫೈಲ್ ಮುನ್ನೂರು ಚಿಲ್ಲರೆ ಬೈಟ್ ದಪ್ಪವಾಗುತ್ತದೆ ಅಷ್ಟೇ. ಕೊನೆಗೆ ಹೆಸರಿಗೆ ಬಾಲ. ವಿಂಡೋಸ್ ತಾನೇ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಅಳಿಸಿ ಹಾಕುತ್ತದೆ.

ಬೆಳಿಗ್ಗೆ ಆದ ಅನಾಹುತ

ನಾನು ಹೋದಾಗ ಅಕ್ಕ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಲ್ಯಾಪ್‌ಟಾಪ್ ಆನ್ ಆಗಿತ್ತು. ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಅದರ ನೀಲಿ ದೀಪ ಮಿಣುಕುತ್ತಿತ್ತು. ನನ್ನ ಎದೆ ಧಸಕ್ ಅಂತು.

"ಬ್ಯಾಕಪ್ ಆದ್ರೂ ಇದೆಯಲ್ಲಾ ಅಂತ ನೋಡೋಕೆ ಹಾಕ್ದೆ ಕಣೋ. ಹಾಕಿದಾಗ ಎಲ್ಲಾ ಚೆನ್ನಾಗೇ ಇತ್ತು. ಕಾಫಿ ಮಾಡ್ಕೊಂಡು ಬರೋಷ್ಟರಲ್ಲಿ..." ಅಂದಳು. ಮುಂದೆ ಹೇಳಲಾಗಲಿಲ್ಲ.

ಐದು ನಿಮಿಷಕ್ಕೊಮ್ಮೆ ಏಳುವ ಟಾಸ್ಕ್ ಇತ್ತಲ್ಲ, ಅದು ಎದ್ದಿದೆ. ಹೊಸ ಡ್ರೈವ್ ಬಂದಿದೆ ಅಂತ ಕಂಡಿದೆ. ಅಲ್ಲಿಗೂ ಹೋಗಿದೆ. ಎರಡು ವರ್ಷದ ಕೆಲಸ ಆ ಡಿಸ್ಕಿನಲ್ಲಿತ್ತು. ಹೇಳಬೇಕಿದ್ದ ನಾಲ್ಕನೆಯ ಮಾತು ಇದೇ: ಯಾವ ಡಿಸ್ಕನ್ನೂ, ಪೆನ್‌ಡ್ರೈವನ್ನೂ ಅದಕ್ಕೆ ಸಿಕ್ಕಿಸಬೇಡ. ಗಾಬರಿಯಾದ ಮನುಷ್ಯ ಮೊದಲು ಮಾಡುವುದೇ ಬ್ಯಾಕಪ್ ಇದೆಯಾ ಅಂತ ನೋಡುವುದು, ಅದು ನನಗೆ ಹೊಳೆಯಬೇಕಿತ್ತು.

ಇನ್ನೊಂದೂ ಆಗಿತ್ತು. ಆ ನಾಲ್ಕಕ್ಷರ ಏನು ಅಂತ ಹುಡುಕುವುದಕ್ಕೆ ಬೆಳಿಗ್ಗೆ ವೈಫೈ ಮತ್ತೆ ಆನ್ ಮಾಡಿದ್ದಳು. ಆಗ ನನಗೆ ಇದು ಸಣ್ಣ ವಿಷಯ ಅನ್ನಿಸಿತು.

ಡಿಸ್ಕ್ ಎಳೆದೆ, ವೈಫೈ ಆಫ್ ಮಾಡಿದೆ, ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆರಿಸಿದೆ. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ತಂದಿದ್ದೆ. ಅದರಿಂದ ಬೂಟ್ ಮಾಡಿದರೆ ಲ್ಯಾಪ್‌ಟಾಪಿನೊಳಗಿನ ವಿಂಡೋಸ್ ಏಳುವುದಿಲ್ಲ, ಅದರ ಜೊತೆ ವೈರಸ್ಸೂ ಏಳುವುದಿಲ್ಲ. ಫೈಲ್‌ಗಳನ್ನು ಸುಮ್ನೆ ಕೂತು ನೋಡಬಹುದು.

ಗುರುತು ಹಿಡಿದ ಬಗೆ

ಸ್ಟಾಪ್ ಅಂತ ರಾತ್ರಿಯೇ ಊಹಿಸಿದ್ದೆ. ಊಹೆ ಸಾಲದು. ನಾಲ್ಕಕ್ಷರದ ಬಾಲ ಬೇರೆ ರ‍್ಯಾನ್ಸಮ್‌ವೇರ್‌ಗಳಿಗೂ ಇರಬಹುದು. ಹಾಗಾಗಿ ಮೂರು ಕಡೆ ನೋಡಿದೆ.

ಒಂದು, ಚೀಟಿ. ಸ್ಟಾಪ್‌ನ ಚೀಟಿ ಒಂದು ಸಲ ಓದಿದವರಿಗೆ ಮರೆಯುವುದಿಲ್ಲ. ಗಮನಿಸಿ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಶುರುವಾಗಿ, ಹೆದರಬೇಡಿ, ನಿಮ್ಮ ಫೈಲ್ ಎಲ್ಲ ವಾಪಸ್ ಸಿಗುತ್ತವೆ ಅಂತ ಸಮಾಧಾನ ಮಾಡುತ್ತದೆ. ಬೆಲೆ 980 ಡಾಲರ್, 72 ಗಂಟೆಯೊಳಗೆ ಮೇಲ್ ಮಾಡಿದರೆ ಅರ್ಧಕ್ಕೆ, 490 ಡಾಲರ್. ಒಂದು ಫೈಲ್ ಕಳಿಸಿ, ಪುಕ್ಕಟೆ ತೆಗೆದು ತೋರಿಸುತ್ತೇವೆ, ಆದರೆ ಅದರಲ್ಲಿ ಬೆಲೆಬಾಳುವಂಥದ್ದೇನೂ ಇರಬಾರದು. ಎರಡು ಇಮೇಲ್ ವಿಳಾಸ. ಕೆಳಗೆ ನಿಮ್ಮ ಐಡಿ.

ಎರಡು, ಫೈಲಿನ ಹೊಟ್ಟೆ. ಒಂದು ಜೆಪಿಜಿಯನ್ನು, ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಮೊದಲ ಎರಡು ಬೈಟ್ ಎಲ್ಲಾ ಜೆಪಿಜಿಯಲ್ಲೂ ಇರುವ ಹಾಗೆ ಎಫ್‌ಎಫ್, ಡಿ8. ಐದು ಬೈಟ್ ಆದ ಮೇಲೆ ಕಲಸುಮೇಲೋಗರ. ಕೆಳಕ್ಕೆ ಹೋಗುತ್ತಾ ಹೋಗುತ್ತಾ, ಒಂದು ಕಡೆ ಆ ಕಲಸಿದ್ದು ನಿಂತು ಫೋಟೋದ ಮೂಲ ಬೈಟ್‌ಗಳು ಮತ್ತೆ ಶುರು. ತಳದಲ್ಲಿ, ಸುರುಳಿ ಬ್ರಾಕೆಟ್ ಒಳಗೆ, 36ಎ698ಬಿ9 ಅಂತ ಶುರುವಾಗುವ ಉದ್ದನೆಯ ಸಾಲು. ಇದು ಸ್ಟಾಪ್‌ನ ರುಜು. ಬಾಲ ಎಷ್ಟು ಸಲ ಬದಲಾದರೂ ಈ ಸಾಲು ಬದಲಾಗಿಲ್ಲ. ಬಾಲದ ನಾಲ್ಕಕ್ಷರಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಮೂರು, ಸಿ ಡ್ರೈವ್‌ನಲ್ಲಿ 'ಸಿಸ್ಟಮ್‌ಐಡಿ' ಅಂತ ಒಂದು ಫೋಲ್ಡರ್, ಅದರೊಳಗೆ 'ಪರ್ಸನಲ್‌ಐಡಿ' ಅನ್ನುವ ಟೆಕ್ಸ್ಟ್ ಫೈಲ್. ಈ ಕಂಪ್ಯೂಟರ್‌ನಲ್ಲಿ ಬೀಗ ಹಾಕುವುದಕ್ಕೆ ಬಳಸಿದ ಐಡಿಗಳೆಲ್ಲ ಇಲ್ಲಿ ದಾಖಲಾಗುತ್ತವೆ.

ತೆರೆದೆ. ಒಂದು ಸಾಲು ಇರುತ್ತದೆ ಅಂದುಕೊಂಡಿದ್ದೆ. ಎರಡು ಸಾಲು ಇತ್ತು.

ಮೊದಲ ಸಾಲಿನ ಕೊನೆಯ ಎರಡು ಅಕ್ಷರ 'ಟಿ1'. ಎರಡನೆಯ ಸಾಲಿನ ಕೊನೆಗೆ ಬೇರೇನೋ.

ಟಿ1 ಅಂತ ಮುಗಿಯುವ ಐಡಿ ಅಂದರೆ ಆಫ್‌ಲೈನ್ ಕೀಲಿ. ಅಂದರೆ ರಾತ್ರಿ ಆ ಪ್ರೋಗ್ರಾಂ ಮೊದಲ ಸಲ ಎದ್ದಾಗ ಕಳ್ಳರ ಸರ್ವರ್ ಉತ್ತರ ಕೊಟ್ಟಿರಲಿಲ್ಲ. ಲ್ಯಾಪ್‌ಟಾಪಿನ ಫೈಲ್‌ಗಳೆಲ್ಲ ಎಲ್ಲರಿಗೂ ಒಂದೇ ಆದ ಬೀಗದಲ್ಲಿ ಮುಚ್ಚಿದ್ದವು. ಬೆಳಿಗ್ಗೆ ವೈಫೈ ಆನ್ ಆದ ಮೇಲೆ ಸರ್ವರ್ ಸಿಕ್ಕಿದೆ, ಹೊಸ ಬೀಗ ಬಂದಿದೆ. ಬ್ಯಾಕಪ್ ಡಿಸ್ಕಿಗೆ ಬಿದ್ದದ್ದು ಅದು. ಎರಡೂ ಕಡೆಯಿಂದ ಒಂದೊಂದು ಫೈಲ್ ತೆಗೆದು ತಳ ನೋಡಿದೆ. ಹೌದು, ಐಡಿ ಬೇರೆ ಬೇರೆ.

ಅಕ್ಕನಿಗೆ ಇದನ್ನು ಹೇಳುವುದು ಕಷ್ಟವಾಯಿತು. ಒಂದು ಹಾಳೆಯ ಮೇಲೆ ಎರಡೂ ಐಡಿ ಬರೆದು ತೋರಿಸಿದೆ. "ಈ ಕಡೆಯದಕ್ಕೆ ಕಾಯಬಹುದು. ಆ ಕಡೆಯದಕ್ಕೆ ನಾನು ಏನೂ ಭರವಸೆ ಕೊಡಲಾರೆ" ಅಂದೆ. ಅವಳು ಹಾಳೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು.

ಖಾತ್ರಿಗೆ ಐಡಿ ರ‍್ಯಾನ್ಸಮ್‌ವೇರ್ ಅನ್ನುವ ಸೈಟಿಗೆ ಚೀಟಿಯನ್ನೂ ಒಂದು ಕೆಟ್ಟ ಫೈಲನ್ನೂ ಬೇರೆ ಕಂಪ್ಯೂಟರ್‌ನಿಂದ ಹಾಕಿದೆ. ಅದೂ ಸ್ಟಾಪ್ ಅಂದಿತು. ಯಾವ ರ‍್ಯಾನ್ಸಮ್‌ವೇರ್ ಅಂತ ಗೊತ್ತಿಲ್ಲದವರು ಮೊದಲು ಹೋಗಬೇಕಾದ ಜಾಗ ಅದು. 2016ರಲ್ಲಿ ಡಚ್ ಪೊಲೀಸರು, ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಎರಡು ಭದ್ರತಾ ಸಂಸ್ಥೆಗಳು ಸೇರಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ಸೈಟ್ ಕೂಡ ಇದೆ. ಎರಡೂ ಪುಕ್ಕಟೆ.

ಡಿಕ್ರಿಪ್ಟರ್ ಏನು ಹೇಳಿತು

ಐಡಿ ರ‍್ಯಾನ್ಸಮ್‌ವೇರ್ ಸೈಟ್ ಮಾಡಿದ ಮೈಕಲ್ ಗಿಲೆಸ್ಪಿ ಅವರೇ ಎಮ್ಸಿಸಾಫ್ಟ್ ಜೊತೆ ಸೇರಿ 2019ರ ಅಕ್ಟೋಬರ್‌ನಲ್ಲಿ ಸ್ಟಾಪ್‌ಗೆ ಒಂದು ಡಿಕ್ರಿಪ್ಟರ್, ಅಂದರೆ ಬೀಗ ತೆಗೆಯುವ ಪ್ರೋಗ್ರಾಂ, ಕೊಟ್ಟರು. ಆಗ ಗೊತ್ತಿದ್ದ 160 ರೂಪಗಳಲ್ಲಿ 148ಕ್ಕೆ ಅದು ಉಪಯೋಗಕ್ಕೆ ಬರುತ್ತಿತ್ತು. ಆದರೆ ಅದಕ್ಕೆ ಮೊದಲೇ, 2019ರ ಆಗಸ್ಟ್‌ನಲ್ಲಿ, ಕಳ್ಳರು ತಮ್ಮ ಬೀಗವನ್ನು ಆರ್‌ಎಸ್‌ಎಗೆ ಬದಲಿಸಿದ್ದರು. ಆಗಸ್ಟ್‌ಗೆ ಮೊದಲಿನ ಹಳೆಯ ರೂಪವಾದರೆ, ಒಂದೇ ಫೈಲಿನ ಕೆಟ್ಟ ಪ್ರತಿ ಮತ್ತು ಒಳ್ಳೆಯ ಪ್ರತಿ ಎರಡೂ ಜೋಡಿಯಾಗಿ ಸಿಕ್ಕಿ, ಅದು 150 ಕಿಲೋಬೈಟ್‌ಗಿಂತ ದೊಡ್ಡದಿದ್ದರೆ, ಲೆಕ್ಕ ಹಾಕಿ ಬಿಡಿಸುವ ದಾರಿ ಇತ್ತು. ಹೊಸ ರೂಪಕ್ಕೆ ಆಫ್‌ಲೈನ್ ಕೀಲಿ ಸಿಕ್ಕಿದ್ದರೆ ಮಾತ್ರ.

ಅಕ್ಕನದು ಹೊಸ ರೂಪ. ಡಿಕ್ರಿಪ್ಟರ್ ಓಡಿಸಿದಾಗ ಲ್ಯಾಪ್‌ಟಾಪಿನ ಫೈಲ್‌ಗೆ, ಇದು ಆಫ್‌ಲೈನ್ ಐಡಿ, ಕೀಲಿ ಇನ್ನೂ ಇಲ್ಲ, ಮುಂದೆ ಸಿಗಬಹುದು ಅಂದಿತು. ಡಿಸ್ಕಿನ ಫೈಲ್‌ಗೆ, ಇದು ಆನ್‌ಲೈನ್ ಐಡಿ, ಬಿಡಿಸಲು ಸಾಧ್ಯವಿಲ್ಲ ಅಂದಿತು. ಹಾಳೆಯಲ್ಲಿ ಬರೆದಿದ್ದ ಮಾತೇ.

ದುಡ್ಡು ಕೊಟ್ಟುಬಿಡೋಣ ಅಂತ ಅವಳಿಗೆ ಅನ್ನಿಸಿತು. ನನಗೆ ಒಪ್ಪಿಗೆ ಇರಲಿಲ್ಲ. ಕೊಟ್ಟ ಮೇಲೆ ಕೀಲಿ ಬರುತ್ತದೆ ಅನ್ನುವುದಕ್ಕೆ ಕಳ್ಳರ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ, ಆ ದುಡ್ಡು ಮುಂದಿನ ಬಾಲ ಹುಟ್ಟಿಸುವುದಕ್ಕೆ ಹೋಗುತ್ತದೆ. ಆದರೆ ದುಡ್ಡು ಕೊಟ್ಟವರನ್ನು ಹಳಿಯುವುದೂ ಸರಿಯಲ್ಲ ಅಂತ ನನ್ನ ಅನಿಸಿಕೆ. ಆಫ್‌ಲೈನ್ ಕೀಲಿಗಳು ಉಳಿದವರಿಗೆ ಸಿಗುವುದೇ ಅಂಥವರು ತಮಗೆ ಬಂದಿದ್ದನ್ನು ಹಂಚಿಕೊಂಡಾಗ.

ಈ ನಡುವೆ ಅವಳು ಇನ್ನೊಂದು ಡಿಕ್ರಿಪ್ಟರ್ ಡೌನ್‌ಲೋಡ್ ಮಾಡಿದ್ದಳು, ಎಲ್ಲಾ ಸ್ಟಾಪ್ ಫೈಲ್ ತೆಗೆಯುತ್ತೆ ಅಂತ ಬರೆದಿತ್ತಂತೆ. ಓಡಿಸುವ ಮೊದಲು ನನ್ನನ್ನು ಕೇಳಿದ್ದು ಪುಣ್ಯ. 2020ರ ಜೂನ್‌ನಲ್ಲಿ ಜೋರಬ್ ಅನ್ನುವ ರ‍್ಯಾನ್ಸಮ್‌ವೇರ್ ಸ್ಟಾಪ್‌ನ ಡಿಕ್ರಿಪ್ಟರ್ ವೇಷದಲ್ಲೇ ಬಂದಿತ್ತು, ಕೆಟ್ಟ ಫೈಲ್‌ಗಳ ಮೇಲೆ ಇನ್ನೊಂದು ಬೀಗ ಹಾಕುತ್ತಿತ್ತು. ಮುಳುಗುತ್ತಿರುವವರಿಗೆ ಕಲ್ಲು ಕಟ್ಟುವ ಕೆಲಸ. ಅವಳು ತಂದಿದ್ದು ಅದೇ ಅಂತ ನಾನು ಹೇಳುತ್ತಿಲ್ಲ, ಓಡಿಸಿ ನೋಡಲಿಲ್ಲ, ಅಳಿಸಿದೆವು. ನೂರಕ್ಕೆ ನೂರು ತೆಗೆದುಕೊಡುತ್ತೇವೆ ಅನ್ನುವ ರಿಕವರಿ ಅಂಗಡಿಗಳಿಂದಲೂ ದೂರ ಇರಿ. ಆನ್‌ಲೈನ್ ಐಡಿಗೆ ಯಾರಾದರೂ ಹಾಗಂದರೆ, ಅವರು ಹಿಂದಿನಿಂದ ಕಳ್ಳರಿಗೇ ದುಡ್ಡು ಕೊಟ್ಟು ಮೇಲೆ ತಮ್ಮ ಪಾಲು ಸೇರಿಸುವವರು, ಇಲ್ಲವೇ ಸುಳ್ಳು ಹೇಳುವವರು.

ಬೀಗ ತೆಗೆಯದೆ ಸಿಕ್ಕಿದ್ದು

ತಲೆ ಮಾತ್ರ ಕೆಡಿಸುತ್ತದೆ ಅಂದೆನಲ್ಲ. ಅವಳ ವಿಡಿಯೋಗಳು ಉಳಿದದ್ದು ಅದರಿಂದ. ಎಂಪಿ4 ಫೈಲಿನಲ್ಲಿ ಮೊದಲ 150 ಕಿಲೋಬೈಟ್ ಹೋದರೆ ಹೋಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ದೃಶ್ಯ. ಉಳಿದ ಗಂಟೆಗಟ್ಟಲೆ ವಿಡಿಯೋ ಹಾಗೇ ಇರುತ್ತದೆ, ಪ್ಲೇಯರ್‌ಗೆ ಮಾತ್ರ ಅದನ್ನು ಹೇಗೆ ಓದಬೇಕು ಅಂತ ಗೊತ್ತಾಗುವುದಿಲ್ಲ. ಡಿಸ್ಕ್‌ಟ್ಯೂನಾದವರ ಮೀಡಿಯಾ ರಿಪೇರ್ ಅನ್ನುವ ಪುಕ್ಕಟೆ ಟೂಲ್ ಇದೆ. ಅದಕ್ಕೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಚೆನ್ನಾಗಿರುವ ಒಂದು ವಿಡಿಯೋ ತೋರಿಸಬೇಕು. ಅದನ್ನು ನೋಡಿಕೊಂಡು ಕೆಟ್ಟದ್ದರ ತಲೆ ಕಟ್ಟುತ್ತದೆ. ಕ್ಯಾಮೆರಾ ಅಲ್ಲೇ ಇತ್ತು. ಅಕ್ಕ ಹೊಸದಾಗಿ ಅರ್ಧ ನಿಮಿಷ ತನ್ನ ಮೇಜಿನದೇ ವಿಡಿಯೋ ತೆಗೆದಳು. ಅದೇ ಮಾದರಿಯಾಯಿತು. ಮೊದಲ ಫೈಲ್ ಓಡಿದಾಗ ಅವಳು ಕುರ್ಚಿಯಿಂದ ಎದ್ದು ನಿಂತಳು. ಡಿಸ್ಕಿನಲ್ಲಿದ್ದ, ಯಾವ ಕೀಲಿಯೂ ಸಿಗದ ವಿಡಿಯೋಗಳೂ ಹೀಗೆ ಹೆಚ್ಚುಕಮ್ಮಿ ಎಲ್ಲ ಬಂದವು, ಎರಡು ದಿನ ಹಿಡಿಯಿತು.

ದೊಡ್ಡ ಜಿಪ್ ಫೈಲ್‌ಗಳೂ ಹೀಗೇ. ಬಾಲ ಕಿತ್ತು, ರಿಪೇರ್ ಮಾಡಿ ಬಿಚ್ಚಿದರೆ ಮೊದಲ ಒಂದೆರಡು ಫೈಲ್ ಹೋಗಿ ಮಿಕ್ಕವು ಬರುತ್ತವೆ. ಇದನ್ನೆಲ್ಲ ಮಾಡುವಾಗ ಕೆಟ್ಟ ಫೈಲಿನ ಪ್ರತಿಯ ಮೇಲೆ ಮಾಡಿ, ಮೂಲದ ಮೇಲೆ ಬೇಡ.

ಫೋಟೋಗಳದ್ದು ಬೇರೆ ಕಥೆ. ಜೆಪಿಜಿಯ ತಲೆಯಲ್ಲೇ ಅದರ ಬೀಜವೆಲ್ಲ ಇರುತ್ತದೆ, ಮೀಡಿಯಾ ರಿಪೇರ್‌ನಿಂದ ಆಗುವುದಿಲ್ಲ. ಡಿಲೀಟ್ ಆದ ಫೈಲ್ ಹುಡುಕುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನ ಮೇಲೆ ಓಡಿಸಿ ನೋಡೋಣ ಅಂತ ಅನ್ನಿಸುವುದು ಸಹಜ, ಆದರೆ ಸ್ಟಾಪ್ ಫೈಲಿನ ಮೇಲೆಯೇ ಬರೆಯುತ್ತದೆ, ಹಳೆಯದು ಬೇರೆಲ್ಲೋ ಉಳಿದಿರುವುದಿಲ್ಲ. ಆಗ ಕ್ಯಾಮೆರಾ ಕಾರ್ಡ್ ನೆನಪಾಯಿತು. ಅವಳ ಹತ್ತಿರ ಐದು ಮೆಮೊರಿ ಕಾರ್ಡ್ ಇದ್ದವು. ಎಲ್ಲ ಖಾಲಿ ಮಾಡಿದವು, ಆದರೆ ಖಾಲಿ ಮಾಡಿದ ಕಾರ್ಡಿನಲ್ಲಿ ಮೇಲೆ ಹೊಸದು ಬರೆಯುವವರೆಗೂ ಹಳೆಯದು ಇದ್ದೇ ಇರುತ್ತದೆ. ಫೋಟೋರೆಕ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಓಡಿಸಿದೆವು. ಮೂರು ಕಾರ್ಡ್‌ಗಳಿಂದ ಇತ್ತೀಚಿನ ಕೆಲಸಗಳ ಫೋಟೋಗಳು ಬಂದವು. ಹೆಸರಿಲ್ಲ, ಕ್ರಮವಿಲ್ಲ, ಆದರೆ ಫೋಟೋ ಪೂರ್ತಿ. ಮಾರನೆಯ ದಿನ ಕೊಡಬೇಕಿದ್ದ ಕೆಲಸವನ್ನು ನಾಲ್ಕು ದಿನ ತಡವಾಗಿ ಕೊಟ್ಟಳು, ಆ ಕಾರ್ಡಿನಿಂದಲೇ.

ಕಣ್ಣಿಗೆ ಕಾಣದ ಇನ್ನೊಂದು ಕಳವು

ಇದನ್ನು ಬಹಳ ಜನ ಮರೆಯುತ್ತಾರೆ. ಸ್ಟಾಪ್ ಒಂಟಿಯಾಗಿ ಬರುವುದು ಕಮ್ಮಿ. ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ತರುತ್ತದೆ. ಮೊದಲು ಆಜೋರಲ್ಟ್ ಬರುತ್ತಿತ್ತು, ಆಮೇಲೆ ವಿಡಾರ್, ರೆಡ್‌ಲೈನ್. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕಿ (ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ಹೇಳುವ ಗುರುತು), ಕಾರ್ಡ್ ನಂಬರ್, ಎಲ್ಲ ಹೊತ್ತುಕೊಂಡು ಹೋಗುತ್ತವೆ. ಫೈಲ್ ಹೋಯಿತು ಅಂತ ಅಳುತ್ತಾ ಕೂತಿರುವಾಗ ಮೇಲ್ ಅಕೌಂಟ್ ಯಾರದೋ ಕೈಗೆ ಹೋಗಿರುತ್ತದೆ.

ಆದ್ದರಿಂದ ಮೊದಲ ದಿನವೇ ಅವಳ ಫೋನಿನಿಂದ, ಆ ಲ್ಯಾಪ್‌ಟಾಪ್‌ನಿಂದಲ್ಲ, ಮೇಲ್ ಪಾಸ್‌ವರ್ಡ್ ಬದಲಿಸಿದೆವು. ಎಲ್ಲ ಕಡೆಯಿಂದ ಲಾಗೌಟ್ ಮಾಡುವ ಆಯ್ಕೆ ಒತ್ತಿದೆವು, ಯಾಕೆಂದರೆ ಕುಕಿ ಕದ್ದವರಿಗೆ ಪಾಸ್‌ವರ್ಡೇ ಬೇಕಿಲ್ಲ. ಆಮೇಲೆ ಬ್ಯಾಂಕ್, ಆಮೇಲೆ ಮಿಕ್ಕವು. ಎರಡು ಹಂತದ ಲಾಗಿನ್ ಹಾಕಿದೆವು. ಮೇಲ್ ಮೊದಲು, ಅದು ಹೋದರೆ ಬೇರೆ ಎಲ್ಲದರ ಪಾಸ್‌ವರ್ಡನ್ನೂ ಅದರಿಂದಲೇ ಬದಲಿಸಬಹುದು.

ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ, ಆಂಟಿವೈರಸ್ ಓಡಿಸಿ ತೆಗೆದು ಹಾಗೇ ಬಳಸಬಹುದಿತ್ತು. ನಾನು ಒಪ್ಪಲಿಲ್ಲ. ಅದು ಏನೇನು ತಂದಿಟ್ಟಿದೆ ಅಂತ ಪೂರ್ತಿ ಪಟ್ಟಿ ಮಾಡುವುದು ಕಷ್ಟ. ಲಿನಕ್ಸ್‌ನಿಂದ ಕೆಟ್ಟ ಫೈಲ್‌ಗಳನ್ನೆಲ್ಲ, ಒಂದು ಚೀಟಿಯನ್ನು, ಪರ್ಸನಲ್‌ಐಡಿ ಫೈಲನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿ, ಲ್ಯಾಪ್‌ಟಾಪ್ ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿದೆ. ಇಲ್ಲೇ ಅನೇಕರು ಎಡವುತ್ತಾರೆ. ವೈರಸ್ ತೆಗೆದರೆ ಫೈಲ್ ಸರಿಹೋಗುತ್ತದೆ ಅಂದುಕೊಂಡು ಫಾರ್ಮ್ಯಾಟ್ ಮಾಡಿಸಿ, ಕೆಟ್ಟ ಫೈಲ್‌ಗಳೂ ಇಲ್ಲದ ಹಾಗೆ ಮಾಡಿಕೊಳ್ಳುತ್ತಾರೆ. ಕಳ್ಳನನ್ನು ಓಡಿಸುವುದು ಬೇರೆ, ಅವನು ಹಾಕಿದ ಬೀಗ ತೆಗೆಯುವುದು ಬೇರೆ.

ಐದು ತಿಂಗಳಾದ ಮೇಲೆ

ತಿಂಗಳಿಗೊಮ್ಮೆ ಡಿಕ್ರಿಪ್ಟರ್ ಓಡಿಸಿ ನೋಡು ಅಂತ ಹೇಳಿದ್ದೆ. ಕೀಲಿಗಳು ಎಮ್ಸಿಸಾಫ್ಟ್‌ನ ಸರ್ವರ್‌ನಲ್ಲಿರುತ್ತವೆ, ಹಾಗಾಗಿ ಓಡಿಸುವಾಗ ಇಂಟರ್‌ನೆಟ್ ಇರಬೇಕು, ಹೊಸ ಕೀಲಿ ಸೇರಿದ್ದರೆ ತಾನೇ ಸಿಗುತ್ತದೆ. ನಾಲ್ಕು ತಿಂಗಳು ಅದೇ ಉತ್ತರ. ಐದನೆಯ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಓಡ್ತಾ ಇದೆ ಕಣೋ. ಹಸಿರು ಸಾಲು ಬರ್ತಾನೇ ಇದೆ."

ನಾನು ಹೋಗುವ ಹೊತ್ತಿಗೆ ಅರ್ಧ ಮುಗಿದಿತ್ತು. ಲ್ಯಾಪ್‌ಟಾಪಿನಲ್ಲಿದ್ದ ಸುಮಾರು 11,000 ಫೋಟೋಗಳಲ್ಲಿ ಬಹುಪಾಲು ಸಂಜೆಯೊಳಗೆ ತೆರೆದವು. ಕೆಲವು ತೆರೆಯಲಿಲ್ಲ, ಪ್ರೋಗ್ರಾಂ ಬರೆಯುತ್ತಿರುವಾಗ ಕಂಪ್ಯೂಟರ್ ಆರಿಸಿದ್ದರಿಂದ ಇರಬೇಕು ಅಂತ ನನ್ನ ಊಹೆ. ಯಾರೋ ಎಲ್ಲೋ ತಮ್ಮ ಕೀಲಿಯನ್ನು ಕೊಟ್ಟಿದ್ದರು. ಅವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ, ಅವರಿಗೂ ನಾವು ಗೊತ್ತಿಲ್ಲ. ಅಕ್ಕ ಅವತ್ತು ಅದನ್ನೇ ಎರಡು ಮೂರು ಸಲ ಹೇಳಿದಳು.

ಬ್ಯಾಕಪ್ ಡಿಸ್ಕಿನ ಫೋಟೋಗಳು ಮಾತ್ರ ಹಾಗೇ ಇವೆ. ಅವುಗಳಲ್ಲಿ ಲ್ಯಾಪ್‌ಟಾಪಿನಲ್ಲೂ ಪ್ರತಿ ಇದ್ದವು ಬಂದವು, ಡಿಸ್ಕಿನಲ್ಲಿ ಮಾತ್ರ ಇದ್ದವು ಬರಲಿಲ್ಲ. ಅದನ್ನು ಅಳಿಸಿಲ್ಲ. ಕಳ್ಳರು ಸಿಕ್ಕಿಬಿದ್ದು ಅವರ ಸರ್ವರ್ ಪೊಲೀಸರ ಕೈ ಸೇರಿದರೆ ಕೀಲಿಗಳು ಹೊರಬರುತ್ತವೆ, ಬೇರೆ ರ‍್ಯಾನ್ಸಮ್‌ವೇರ್‌ಗಳಲ್ಲಿ ಹಾಗಾಗಿದೆ. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಐಡಿ ಬರೆದ ಆ ಹಾಳೆಯನ್ನು ಮಡಿಸಿ ಅದರ ಮೇಲೆ ಅಂಟಿಸಿ, ಬೀರುವಿನಲ್ಲಿ ಇಟ್ಟಿದ್ದಾಳೆ.